ಕೊರಿಯಾದ ಮನರಂಜನಾ ಉದ್ಯಾನದಲ್ಲಿ ಊಟ ಎಲ್ಲಿ?

ವಿದೇಶ ಪ್ರವಾಸದ ಖರ್ಚಿನ ಅಂದಾಜು ಬರೆಯುವಾಗ ವಿಮಾನದ ಟಿಕೆಟ್ಟು, ಹೋಟೆಲಿನ ಬಾಡಿಗೆ, ಪ್ರವೇಶ ಶುಲ್ಕ ಇವೆಲ್ಲ ಹೊರಡುವ ಮೊದಲೇ ನಮಗೆ ತಿಳಿದಿರುತ್ತವೆ. ಅಂದಾಜಿಗೆ ಸಿಕ್ಕದೆ ಉಳಿಯುವ ಬಾಬ್ತು ಊಟದ್ದು. ಭಾರತ ಮತ್ತು ದಕ್ಷಿಣ ಕೊರಿಯಾಗಳ ನಡುವಿನ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದವು 2010ರ ಜನವರಿ 1ರಿಂದ ಜಾರಿಯಲ್ಲಿದೆ. ಯಂತ್ರೋಪಕರಣಗಳ ಖರೀದಿಗೆಂದೋ ವಸ್ತುಪ್ರದರ್ಶನ ನೋಡಲೆಂದೋ ಸೋಲ್ ನಗರಕ್ಕೆ ಹೋಗಿಬರುವವರು ನಮ್ಮ ಸದಸ್ಯರಲ್ಲಿ ಇಂದು ಅಪರೂಪವಲ್ಲ. ಅನೇಕರು ಮನೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ವ್ಯವಹಾರ ಮುಗಿದ ಮೇಲೆ ಒಂದು ದಿನವನ್ನು ಎವರ್‌ಲ್ಯಾಂಡಿಗೋ ಲೊಟ್ಟೆ ವರ್ಲ್ಡಿಗೋ ಮೀಸಲಿಡುವುದು ವಾಡಿಕೆ. ಹೊರಡುವ ಮುನ್ನ ಅವರು ನನ್ನನ್ನು ತೆರಿಗೆಯ ವಿಷಯವಾಗಿ ಕೇಳುವುದಕ್ಕಿಂತ ಹೆಚ್ಚಾಗಿ "ಅಲ್ಲಿ ಊಟಕ್ಕೆ ಏನು ಮಾಡುವುದು?" ಎಂದು ಕೇಳುತ್ತಾರೆ.

ಈ ಪ್ರಶ್ನೆಗೆ ಉತ್ತರ ಬರೆಯಲು ಇನ್ನೊಂದು ಕಾರಣವೂ ಒದಗಿದೆ. ನಮ್ಮ ಊರಿನ ವಾರ್ಷಿಕ ವಸ್ತುಪ್ರದರ್ಶನದಲ್ಲಿ ತಿಂಡಿ ಮಳಿಗೆ ಹಿಡಿಯುವ ಕೆಲವು ಮಿತ್ರರು, ಸಂದರ್ಶಕರು ಹೊರಗಿನಿಂದ ಆಹಾರ ತರುವುದನ್ನು ದ್ವಾರದಲ್ಲಿಯೇ ತಡೆಯಬೇಕೆಂದು ಕೋರಿದ್ದಾರೆ. ಕೊರಿಯಾದ ಉದ್ಯಾನಗಳ ಅನುಭವ ಈ ಕೋರಿಕೆಗೆ ನೇರವಾಗಿ ಸಂಬಂಧಿಸಿದ್ದು. ಆ ಚರ್ಚೆಗೆ ಆಮೇಲೆ ಬರುತ್ತೇನೆ.

ಮೊದಲು ಉದ್ಯಾನಗಳ ಮಾಲೀಕರು ಯಾರೆಂಬುದನ್ನು ತಿಳಿಯೋಣ. ಎವರ್‌ಲ್ಯಾಂಡ್ ಸೋಲ್ ನಗರದ ದಕ್ಷಿಣಕ್ಕೆ ಯೊಂಗಿನ್ ಎಂಬಲ್ಲಿದೆ. 1976ರಲ್ಲಿ ಕೃಷಿ ಉದ್ಯಾನದ ರೂಪದಲ್ಲಿ ಆರಂಭವಾದ ಇದಕ್ಕೆ ಈಗಿನ ಹೆಸರು ಬಂದದ್ದು 1996ರಲ್ಲಿ. ಒಡೆತನ ಸ್ಯಾಮ್‌ಸಂಗ್ ಸಮೂಹದ್ದು. ಉದ್ಯಾನವನ್ನು ನಡೆಸುತ್ತಿದ್ದ ಕಂಪನಿಯೇ ಕಾರ್ಖಾನೆ, ಕಚೇರಿ, ಆಸ್ಪತ್ರೆಗಳಿಗೆ ಊಟ ಒದಗಿಸುವ ದೊಡ್ಡ ವ್ಯವಹಾರವನ್ನೂ ಬೆಳೆಸಿತು. ಆ ಶಾಖೆ 2013ರಲ್ಲಿ ಸ್ಯಾಮ್‌ಸಂಗ್ ವೆಲ್‌ಸ್ಟೋರಿ ಎಂಬ ಬೇರೆ ಕಂಪನಿಯಾಯಿತು. ಸೋಲ್ ನಗರದೊಳಗೆ ಜಾಮ್‌ಸಿಲ್‌ನಲ್ಲಿರುವ ಲೊಟ್ಟೆ ವರ್ಲ್ಡ್ 1989ರಲ್ಲಿ ತೆರೆಯಿತು. ಅದರ ಸ್ಥಾಪಕ ಶಿನ್ ಕ್ಯುಕ್ ಹೋ ಅವರು ಜಪಾನಿನಲ್ಲಿ ಚೂಯಿಂಗ್ ಗಮ್ ತಯಾರಿಸಿ ಬೆಳೆದವರು. ಕೊರಿಯಾದಲ್ಲಿ 1967ರಲ್ಲಿ ಮಿಠಾಯಿ ಕಂಪನಿಯನ್ನೂ, 1979ರಲ್ಲಿ ಲೊಟ್ಟೇರಿಯಾ ಎಂಬ ಬರ್ಗರ್ ಅಂಗಡಿಗಳ ಸಾಲನ್ನೂ ಆರಂಭಿಸಿದರು. ಕರಾವಳಿಯ ಓದುಗರು ಹೆಸರು ಕೇಳಿ ನಗಬಾರದು. ಜರ್ಮನ್ ಸಾಹಿತಿ ಗಯಟೆಯ ಕಾದಂಬರಿಯ ನಾಯಕಿ ಶಾರ್ಲೊಟ್ಟೆಯ ಹೆಸರಿನಿಂದ ಆರಿಸಿಕೊಂಡದ್ದು ಅದು, ಸುಳ್ಳಿಗೂ ಅದಕ್ಕೂ ಸಂಬಂಧವಿಲ್ಲ. ಒಟ್ಟಿನಲ್ಲಿ ಎರಡೂ ಕಡೆ ಅಡುಗೆಯ ವ್ಯಾಪಾರವನ್ನು ಚೆನ್ನಾಗಿ ಬಲ್ಲ ಮನೆತನಗಳೇ ಇವೆ.

ಇನ್ನು ಊಟದ ವಿಚಾರ. ಎವರ್‌ಲ್ಯಾಂಡಿನ ಬಗ್ಗೆ ನಮ್ಮವರಿಗೆ ಆಶ್ಚರ್ಯವೆನಿಸುವ ಸಂಗತಿ ಎಂದರೆ, ಅಲ್ಲಿಗೆ ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಬಹುದು. ಮದ್ಯ, ಒಲೆ ಮತ್ತು ಅಡುಗೆಯ ಸಲಕರಣೆ ಇವುಗಳಿಗೆ ಅನುಮತಿ ಇಲ್ಲ. ಡಬ್ಬಿಯ ಊಟಕ್ಕೆ ಅಡ್ಡಿಯಿಲ್ಲ. ಕೊರಿಯಾದವರಿಗೆ ವಿಹಾರ ಮತ್ತು ಬುತ್ತಿ ಬೇರೆ ಬೇರೆ ವಸ್ತುಗಳಲ್ಲ. ಶಾಲೆಯ ಪ್ರವಾಸದ ದಿನ ತಾಯಂದಿರು ಬೆಳಗಿನ ಜಾವ ಎದ್ದು ಕಿಂಬಾಪ್ ಸುತ್ತುವುದು ಅಲ್ಲಿಯ ಪ್ರತಿ ಮನೆಯ ನೆನಪು. ಅನ್ನವನ್ನು ಒಣಗಿಸಿದ ಕಡಲಪಾಚಿಯ ಹಾಳೆಯ ಮೇಲೆ ಹರಡಿ, ಮಧ್ಯದಲ್ಲಿ ಕ್ಯಾರೆಟ್, ಸೊಪ್ಪು, ಹಳದಿ ಮೂಲಂಗಿಯ ಉಪ್ಪಿನಕಾಯಿ, ಮೊಟ್ಟೆ, ಮಾಂಸದ ಪಟ್ಟಿ ಇಟ್ಟು ಸುರುಳಿ ಸುತ್ತಿ ಬಿಲ್ಲೆಗಳಾಗಿ ಕತ್ತರಿಸಿದರೆ ಅದೇ ಕಿಂಬಾಪ್. ನಮ್ಮಲ್ಲಿ ದೂರದ ಜಾತ್ರೆಗೆ ಹೊರಟವರು ಪುಳಿಯೋಗರೆಯನ್ನೂ ಮೊಸರನ್ನವನ್ನೂ ಕಟ್ಟಿಕೊಳ್ಳುವುದು ಎಷ್ಟು ಸಹಜವೋ ಅಲ್ಲಿ ಇದೂ ಅಷ್ಟೇ ಸಹಜ. ಆ ರೂಢಿಗೆ ಉದ್ಯಾನದ ಆಡಳಿತ ಎದುರಾಗಿ ನಿಂತಿಲ್ಲ.

ಆದ್ದರಿಂದ ಎವರ್‌ಲ್ಯಾಂಡಿಗೆ ಹೋಗುವ ನಮ್ಮ ಸದಸ್ಯರಿಗೆ, ಅದರಲ್ಲಿಯೂ ಸಸ್ಯಾಹಾರಿಗಳಿಗೆ, ಮಧ್ಯಾಹ್ನದ ಬುತ್ತಿಯನ್ನು ಜೊತೆಯಲ್ಲಿಯೇ ಒಯ್ಯಿರೆಂದು ನಾನು ಹೇಳುತ್ತೇನೆ. ಊರಿನಿಂದ ಒಯ್ದ ಖಾಕ್ರಾ, ಅವಲಕ್ಕಿ, ಚಟ್ನಿಪುಡಿ, ಕೊಡುಬಳೆ ಇದ್ದರೆ ಸಾಕು. ಬಾಳೆಹಣ್ಣು, ಬ್ರೆಡ್ಡು ಅಲ್ಲಿಯ ಸಣ್ಣ ಅಂಗಡಿಗಳಲ್ಲಿಯೂ ಸಿಗುತ್ತವೆ. ಊರಿನಿಂದ ತಾಜಾ ಹಣ್ಣು, ತರಕಾರಿ, ಬಿತ್ತನೆಯ ಬೀಜ, ಮಾಂಸದ ಪದಾರ್ಥಗಳನ್ನು ಮಾತ್ರ ಒಯ್ಯಬಾರದು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೊಂದರೆಯಾಗುತ್ತದೆ. ಪಕ್ಕದಲ್ಲಿಯೇ ಇರುವ, ಅದೇ ಆಡಳಿತದ ಕೆರಿಬಿಯನ್ ಬೇ ಎಂಬ ಜಲೋದ್ಯಾನಕ್ಕೆ ಈ ಸಲಹೆ ಅನ್ವಯಿಸದು. ಅಲ್ಲಿ ನೀರು, ಮಗುವಿನ ಆಹಾರ, ಹೆಚ್ಚಿದ ಹಣ್ಣು ಮೊದಲಾದ ಕೆಲವನ್ನು ಬಿಟ್ಟರೆ ಹೊರಗಿನ ತಿನಿಸಿಗೆ ನಿರ್ಬಂಧವಿದೆ. ನೂರಾರು ಜನ ಮುಳುಗೇಳುವ ಕೊಳಕ್ಕೆ ಅನ್ನದ ಅಗುಳು ಬೀಳಬಾರದೆಂಬುದು ಒಪ್ಪತಕ್ಕ ಮಾತು. ನಿರ್ಬಂಧಕ್ಕೆ ಕಾರಣವಿದ್ದಲ್ಲಿ ಗಿರಾಕಿಯೂ ಒಪ್ಪುತ್ತಾನೆ. ಕಾರಣ ಕೇವಲ ಮಾರಾಟವಾದಾಗ ಗೊಣಗುತ್ತಾನೆ.

ಒಳಗಿನ ಭೋಜನಶಾಲೆಗಳಲ್ಲಿ ಉಣ್ಣುವವರಿಗೆ ಕೆಲವು ಮಾತುಗಳು. ಎವರ್‌ಲ್ಯಾಂಡ್ ಬೆಟ್ಟದ ಇಳಿಜಾರಿನಲ್ಲಿದೆ. ಕೆಳಗೆ ಇಳಿದು ಊಟ ಮಾಡಿ ಮತ್ತೆ ಏರುವುದು ಮಂಡಿನೋವಿನವರಿಗೆ ಸುಲಭವಲ್ಲ. ಹೊಟ್ಟೆ ಹಸಿದಾಗ ಹುಡುಕಹೊರಡದೆ, ಎಲ್ಲಿರುತ್ತೇವೋ ಅಲ್ಲಿಯೇ ಉಣ್ಣುವಂತೆ ದಿನವನ್ನು ಮೊದಲೇ ಹೊಂದಿಸಿಕೊಳ್ಳಬೇಕು. ಕೊರಿಯಾದ ಅನ್ನ ಸಾರಿನ ಊಟ, ಚೀನೀ ಶೈಲಿಯ ಕಪ್ಪು ಸಾಸಿನ ಶಾವಿಗೆ, ಬರ್ಗರ್, ಜಪಾನಿನಿಂದ ಬಂದ ಹಂದಿಮಾಂಸದ ಕಟ್ಲೆಟ್ ಇವು ಸಾಮಾನ್ಯವಾಗಿ ದೊರೆಯುವಂಥವು. ಐರೋಪ್ಯ ಮಾದರಿಯ ವಿಭಾಗದಲ್ಲಿ, ಹೂದೋಟದ ಬದಿಯಲ್ಲಿರುವ ಹಾಲೆಂಡ್ ವಿಲೇಜ್ ಬಯಲಿನಲ್ಲಿ ಕುಳಿತು ಸಾಸೇಜ್ ಮತ್ತು ಬಿಯರ್ ಸೇವಿಸುವವರಿಗೆ ಪ್ರಿಯವಾದ ಸ್ಥಳ. ಅಲ್ಲಿಯ ಗುಲಾಬಿ ಉತ್ಸವ 1985ರಿಂದ ನಡೆದುಬಂದಿದೆ. ಹೂವಿನ ಕಾಲದಲ್ಲಿ ಆ ಆಸನಗಳಿಗೆ ಪೈಪೋಟಿ ಇರುತ್ತದೆ.

ಸಮಯದ ಲೆಕ್ಕವನ್ನು ವರ್ತಕರಿಗೆ ನಾನು ವಿವರಿಸಬೇಕಿಲ್ಲ. ಉದ್ಯಾನದಲ್ಲಿ ಹತ್ತು ಗಂಟೆ ಕಳೆಯುವವನು ಮಧ್ಯಾಹ್ನ ಒಂದು ಗಂಟೆ ಊಟದ ಸಾಲಿನಲ್ಲಿ ನಿಂತರೆ ಪ್ರವೇಶ ಶುಲ್ಕದ ಹತ್ತನೆಯ ಒಂದು ಭಾಗವನ್ನು ಊಟದ ಬೆಲೆಗೆ ಸೇರಿಸಿದಂತಾಯಿತು. ಹನ್ನೆರಡರಿಂದ ಒಂದೂವರೆಯವರೆಗೆ ಎಲ್ಲರೂ ಭೋಜನಶಾಲೆಯ ಮುಂದೆ ನಿಂತಿರುವಾಗ ಆಟಗಳ ಸಾಲು ಕರಗಿರುತ್ತದೆ. ಹನ್ನೊಂದಕ್ಕೆ ಉಣ್ಣುವವರು, ಇಲ್ಲವೇ ಎರಡರ ನಂತರ ಉಣ್ಣುವವರು ಎರಡು ಕಡೆಯೂ ಲಾಭ ಪಡೆಯುತ್ತಾರೆ.

ಬೆಲೆ? ಊರಿನೊಳಗಿನ ಹೋಟೆಲಿಗಿಂತ ಹೆಚ್ಚೇ. ಆದರೆ ಫಲಕದ ಮೇಲೆ ಬರೆದಿರುವಷ್ಟೇ ಕೊಡಬೇಕು. ಕೊರಿಯಾದಲ್ಲಿ 1977ರ ಜುಲೈಯಿಂದ ಶೇಕಡ 10ರ ಮೌಲ್ಯವರ್ಧಿತ ತೆರಿಗೆ ಇದೆ. 2013ರ ಜನವರಿಯಿಂದ ಉಪಾಹಾರ ಗೃಹಗಳು ತೆರಿಗೆಯೂ ಸೇವಾ ಶುಲ್ಕವೂ ಸೇರಿದ ಅಂತಿಮ ಬೆಲೆಯನ್ನೇ ತೋರಿಸಬೇಕೆಂಬ ನಿಯಮ ಜಾರಿಗೆ ಬಂದಿತು. ಇನಾಮಿನ ಪದ್ಧತಿ ಇಲ್ಲ. ಕುಡಿಯುವ ನೀರನ್ನು ಹಣವಿಲ್ಲದೆ ಕೊಡುತ್ತಾರೆ, ಸಾಮಾನ್ಯವಾಗಿ ನಾವೇ ಹೋಗಿ ತುಂಬಿಸಿಕೊಳ್ಳಬೇಕು. ಅನೇಕ ಕಡೆ ಬಾಗಿಲ ಬಳಿಯ ಯಂತ್ರದಲ್ಲಿಯೇ ತಿನಿಸನ್ನು ಆರಿಸಿ ಹಣ ಪಾವತಿಸಬೇಕು. ನಮ್ಮ ಸಂಖ್ಯೆ ಬಂದಾಗ ತಟ್ಟೆ ತೆಗೆದುಕೊಂಡು, ಉಂಡ ಮೇಲೆ ಅದನ್ನು ನಾವೇ ಮರಳಿ ಒಯ್ದು ಇಡಬೇಕು. ನಮ್ಮಲ್ಲಿಯ ಅನೇಕ ಹೋಟೆಲುಗಳಲ್ಲಿ ಪಟ್ಟಿಯಲ್ಲಿ ಒಂದು ಬೆಲೆ ಇದ್ದು, ಬಿಲ್ಲಿನಲ್ಲಿ ಶೇಕಡ 5ರ ಸರಕು ಮತ್ತು ಸೇವಾ ತೆರಿಗೆ ಸೇರಿ ಇನ್ನೊಂದು ಮೊತ್ತ ಬರುತ್ತದೆ. ಕಾನೂನಿಗೆ ವಿರುದ್ಧವಲ್ಲದಿದ್ದರೂ ಗಿರಾಕಿಯ ಮನಸ್ಸಿಗೆ ಕಿರಿಕಿರಿ. ನಾಲ್ಕು ಜನರ ಸಂಸಾರ ಒಳಗೆ ಹೋಗುವ ಮೊದಲೇ ಒಟ್ಟು ಎಷ್ಟಾಗುತ್ತದೆಂದು ತಿಳಿದರೆ ಇನ್ನೊಂದು ತಿಂಡಿಯನ್ನು ಧೈರ್ಯವಾಗಿ ಹೇಳುತ್ತದೆ.

ಸಸ್ಯಾಹಾರಿಗಳ ಕಷ್ಟವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೊರಿಯಾದ ಅಡುಗೆಯಲ್ಲಿ ಸೊಪ್ಪು ತರಕಾರಿ ಧಾರಾಳವಾಗಿದೆ, ಆದರೆ ಶುದ್ಧ ಸಸ್ಯಾಹಾರ ದುರ್ಲಭ. ಬಿಬಿಂಬಾಪ್ ಎಂಬುದು ಅನ್ನದ ಮೇಲೆ ಬಗೆಬಗೆಯ ಪಲ್ಯ ಹರಡಿ ಕಲಸಿಕೊಂಡು ತಿನ್ನುವ ಊಟ. ನಮ್ಮವರಿಗೆ ಹೊಂದುವಂಥದ್ದೇ. ಅದರಲ್ಲಿಯ ಮಾಂಸವನ್ನೂ ಮೊಟ್ಟೆಯನ್ನೂ ಬಿಡಲು ಮೊದಲೇ ಹೇಳಬಹುದು. ಹಾಗೆಯೇ ಹೇಳಿ ತರಿಸಿಕೊಂಡ ನನ್ನ ಕಕ್ಷಿದಾರರೊಬ್ಬರು ಅರ್ಧ ಊಟವಾದ ಮೇಲೆ, ಕಲಸಿಕೊಂಡ ಕೆಂಪು ಮೆಣಸಿನ ಗೊಜ್ಜಿನಲ್ಲಿಯೇ ಮಾಂಸದ ಪುಡಿ ಇರುವುದನ್ನು ಕಂಡು ತಟ್ಟೆ ಸರಿಸಿ ಎದ್ದರು. ಬಡಿಸಿದವರ ದೋಷವೂ ಅಲ್ಲ. ಗೊಚುಜಾಂಗ್ ಎಂಬ ಆ ಗೊಜ್ಜನ್ನು ಮಾಂಸ ಬೆರೆಸಿ ಹುರಿದು ಬಡಿಸುವ ರೂಢಿ ಅಲ್ಲಿ ಇದೆ. ಗೊಜ್ಜಿನ ಬದಲಿಗೆ ಸೋಯಾ ಸಾಸ್ ಕೇಳುವುದು ಲೇಸು. ಕಿಮ್ಚಿಯು ನೋಡಲು ಕೋಸಿನ ಉಪ್ಪಿನಕಾಯಿ. ಅದರ ಹುದುಗುವಿಕೆಗೆ ಉಪ್ಪು ಹಾಕಿದ ಸಿಗಡಿಯನ್ನೋ ಸಣ್ಣ ಮೀನಿನ ರಸವನ್ನೋ ಬಳಸುತ್ತಾರೆ. ಸಾರಿನ ನೀರು ಒಣಮೀನಿನದೋ ಎಲುಬಿನದೋ ಆಗಿರುವುದು ಸಾಮಾನ್ಯ. ಅಕ್ಕಿ ಹಿಟ್ಟಿನ ಕಡುಬುಗಳನ್ನು ಖಾರದ ಸಾಸಿನಲ್ಲಿ ಬೇಯಿಸಿದ ತೊಕ್‌ಬೊಕ್ಕಿಯಲ್ಲಿ ಮೀನಿನ ಪಟ್ಟಿಗಳಿರುತ್ತವೆ. ಫಲಕದಲ್ಲಿ 'ಕರಿ' ಎಂದಿದ್ದರೆ ನಮ್ಮ ಊರಿನದೆಂದು ಸಂತೋಷಪಡಬಾರದು. ಅದು ಜಪಾನಿನ ಮೂಲಕ ಬಂದ ಕರಿ, ಮಾಂಸದೊಡನೆಯೇ ಬರುವುದು ಹೆಚ್ಚು.

ಇದಕ್ಕೆ ತದ್ವಿರುದ್ಧವಾಗಿ, ಹೆದರಬೇಕಾಗಿಲ್ಲದ ಮೀನೂ ಒಂದಿದೆ. ಚಳಿಗಾಲದಲ್ಲಿ ಬೀದಿ ಬದಿಯಲ್ಲಿ ಮಾರುವ ಬುಂಗೊಪ್ಪಾಂಗ್ ಮೀನಿನ ಆಕಾರದ ಅಚ್ಚಿನಲ್ಲಿ ಸುಟ್ಟ ರೊಟ್ಟಿ. ಒಳಗಿರುವುದು ಕೆಂಪು ಕಾಳಿನ ಸಿಹಿ ಹೂರಣ. ನಮ್ಮ ಹೋಳಿಗೆಯ ದೂರದ ನೆಂಟ. ಬೆಲ್ಲದಂಥ ಸಕ್ಕರೆ, ದಾಲ್ಚಿನ್ನಿ, ಬೀಜಗಳನ್ನು ತುಂಬಿ ಕಾವಲಿಯ ಮೇಲೆ ಒತ್ತಿ ಬೇಯಿಸುವ ಹೊತ್ತೊಕ್ ಇನ್ನೂ ರುಚಿ. ಸುಟ್ಟ ಗೆಣಸು, ಬೇಯಿಸಿದ ಜೋಳದ ತೆನೆ, ಹುರಿದ ಚೆಸ್ಟ್‌ನಟ್ ಇವೂ ಸಿಗುತ್ತವೆ. ಮೊಟ್ಟೆಯನ್ನೂ ತಿನ್ನದವರು ಹಿಟ್ಟಿನಲ್ಲಿ ಏನು ಬೆರೆಸಿದ್ದಾರೆಂದು ವಿಚಾರಿಸಿಕೊಳ್ಳಬೇಕು.

ಮೂರನೆಯ ದಾರಿ ಹೊರಗೆ ಉಣ್ಣುವುದು. ಲೊಟ್ಟೆ ವರ್ಲ್ಡಿಗೆ ಹೋಗುವವರಿಗೆ ನನ್ನ ಸಲಹೆ ಇದೇ. ಅದು ಊರ ನಡುವೆ ಇದೆ. ಮೆಟ್ರೊ ರೈಲಿನ 2 ಮತ್ತು 8ನೆಯ ಮಾರ್ಗಗಳು ಕೂಡುವ ಜಾಮ್‌ಸಿಲ್ ನಿಲ್ದಾಣದಿಂದ ನೆಲದಡಿಯಲ್ಲಿಯೇ ನಡೆದು ಹೋಗಬಹುದು. ನಮ್ಮ ಸದಸ್ಯರು ಪ್ರದರ್ಶನಗಳಿಗಾಗಿ ಹೋಗುವ ಕೋಎಕ್ಸ್ ಕೇಂದ್ರದ ಬಳಿಯ ನಿಲ್ದಾಣದಿಂದ ಇದು 2ನೆಯ ಮಾರ್ಗದಲ್ಲಿ ಮೂರನೆಯ ನಿಲ್ದಾಣ. ಸಂಜೆ ನಾಲ್ಕರ ನಂತರದ ಪ್ರವೇಶಕ್ಕೆ ಕಡಿಮೆ ದರದ ಟಿಕೆಟ್ಟಿದೆ. ಪ್ರದರ್ಶನ ಮುಗಿಸಿ, ಮಧ್ಯಾಹ್ನದ ಊಟವನ್ನು ಹೊರಗೆ ತೃಪ್ತಿಯಾಗಿ ಮಾಡಿ, ನಾಲ್ಕರ ನಂತರ ಒಳಗೆ ಹೋದರೆ ಟಿಕೆಟ್ಟಿನಲ್ಲಿಯೂ ಊಟದಲ್ಲಿಯೂ ಉಳಿತಾಯ. 2014ರಲ್ಲಿ ಎದುರಿಗೇ ತೆರೆದ ಲೊಟ್ಟೆ ವರ್ಲ್ಡ್ ಮಾಲ್‌ನಲ್ಲಿ ಆಹಾರದ ಅಂಗಡಿಗಳು ತುಂಬ ಇವೆ. ಸೊಕ್‌ಚೊನ್ ಕೆರೆಯ ಆಚೆಯ ಬೀದಿಗಳಲ್ಲಿ ಸಣ್ಣ ಮಾಲೀಕರ ಹೋಟೆಲುಗಳಿವೆ. ಒಬ್ಬ ದೊಡ್ಡ ಉದ್ಯಮಿಯ ಉದ್ಯಾನದ ಸುತ್ತ ಇಷ್ಟು ಜನ ಸಣ್ಣವರು ಬದುಕು ಕಟ್ಟಿಕೊಂಡಿರುವುದು ನನಗೆ ಮೆಚ್ಚುಗೆಯಾದ ಸಂಗತಿ.

ಯೊಂಗಿನ್‌ನಲ್ಲಿಯೇ 1974ರಲ್ಲಿ ಆರಂಭವಾದ ಕೊರಿಯನ್ ಫೋಕ್ ವಿಲೇಜ್ ಎಂಬ ಜಾನಪದ ಗ್ರಾಮವಿದೆ. ಹಳೆಯ ಕಾಲದ ಮನೆಗಳನ್ನು ಕಟ್ಟಿ ನಿಲ್ಲಿಸಿರುವ ಇಲ್ಲಿ ಊಟದ ಸ್ಥಳವೂ ನೋಡತಕ್ಕ ವಸ್ತುವೇ. ಹಳ್ಳಿಯ ಸಂತೆಯಂತೆ ರೂಪಿಸಿದ ಅಂಗಳದಲ್ಲಿ ಅನ್ನ ಹಾಕಿದ ಬಿಸಿ ಸಾರು, ಈರುಳ್ಳಿ ಸೊಪ್ಪಿನ ದೋಸೆಯಂಥ ಪಾಜೊನ್, ಅಕ್ಕಿಯ ಮದ್ಯ ಇವನ್ನು ಮಾರುತ್ತಾರೆ. ಓಕ್ ಮರದ ಕಾಯಿಯ ಹಿಟ್ಟಿನಿಂದ ಮಾಡುವ ದೊತೊರಿಮುಕ್ ಎಂಬುದೊಂದಿದೆ. ನಮ್ಮ ಹಾಲುಬಾಯಿಯ ಹದದಲ್ಲಿರುತ್ತದೆ, ಸಿಹಿ ಮಾತ್ರ ಇಲ್ಲ. ಊಟ ಮಾರಬೇಕಾದವರು ಉಣ್ಣುವ ಸ್ಥಳಕ್ಕೇ ಒಂದು ಆಕರ್ಷಣೆಯನ್ನು ಕಲ್ಪಿಸಿ ಮಾರಿದ ಬಗೆ ಇದು.

ಈಗ ನಮ್ಮ ಮಳಿಗೆದಾರ ಮಿತ್ರರ ಕೋರಿಕೆಗೆ ಬರುತ್ತೇನೆ. ಕಾನೂನು ಅವರ ಕಡೆಗಿದೆ ಎಂಬುದನ್ನು ಮೊದಲೇ ಒಪ್ಪುತ್ತೇನೆ. ಚಿತ್ರಮಂದಿರಗಳಿಗೆ ಸಂಬಂಧಿಸಿದಂತೆ ನಮ್ಮ ಸರ್ವೋಚ್ಚ ನ್ಯಾಯಾಲಯವು 2023ರ ಜನವರಿ 3ರಂದು, ಹೊರಗಿನ ಆಹಾರವನ್ನು ನಿರ್ಬಂಧಿಸುವ ಹಕ್ಕು ಮಾಲೀಕನಿಗಿದೆ ಎಂದು ತೀರ್ಪು ನೀಡಿತು. ಕುಡಿಯುವ ನೀರನ್ನು ಉಚಿತವಾಗಿ ಒದಗಿಸಬೇಕು, ಮಗುವಿನ ಆಹಾರವನ್ನು ತಡೆಯಬಾರದು ಎಂಬ ಅಂಶಗಳೂ ಅದರಲ್ಲಿವೆ. ಕೊರಿಯಾದಲ್ಲಿ ಇದೇ ಚಿತ್ರಮಂದಿರಗಳ ವಿಷಯದಲ್ಲಿ 2008ರಲ್ಲಿ ಅಲ್ಲಿಯ ನ್ಯಾಯಸಮ್ಮತ ವ್ಯಾಪಾರ ಆಯೋಗ ಮಧ್ಯೆ ಪ್ರವೇಶಿಸಿದ ಮೇಲೆ ದೊಡ್ಡ ಚಿತ್ರಮಂದಿರ ಸಮೂಹಗಳು ಹೊರಗಿನ ತಿನಿಸಿನ ನಿರ್ಬಂಧವನ್ನು ಸಡಿಲಿಸಿದವು. ಎರಡು ದೇಶಗಳು, ಎರಡು ದಾರಿಗಳು. ಹಕ್ಕು ಇದೆ ಎಂಬುದು ನ್ಯಾಯಾಲಯ ಹೇಳುವ ಮಾತು, ಅದನ್ನು ಚಲಾಯಿಸಿದರೆ ಲಾಭವೇ ಎಂಬುದು ಜಮಾಖರ್ಚು ಹೇಳಬೇಕಾದ ಮಾತು.

ಜಮಾಖರ್ಚನ್ನೇ ನೋಡೋಣ. ಕೊರಿಯಾದ ಉದ್ಯಾನಗಳಲ್ಲಿ ಬ್ಯಾಂಕುಗಳ ಕ್ರೆಡಿಟ್ ಕಾರ್ಡುಗಳ ಮೂಲಕ ಪ್ರವೇಶ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ದೊರೆಯುವುದು ಬಹುಕಾಲದ ಪದ್ಧತಿ. ವರ್ಷವಿಡೀ ಪ್ರವೇಶಿಸಬಹುದಾದ ಚೀಟಿಗಳೂ ಇವೆ. ಎಂದರೆ ಫಲಕದಲ್ಲಿರುವ ಪೂರ್ಣ ದರವನ್ನು ಕೊಡುವವರು ಎಲ್ಲರೂ ಅಲ್ಲ. ಹೀಗಿರುವಾಗ ಊಟದ ಆದಾಯ ಮುಖ್ಯವಾಗಲೇಬೇಕು. ಆದರೂ ಎವರ್‌ಲ್ಯಾಂಡ್ ಬುತ್ತಿಯನ್ನು ತಡೆಯುವುದಿಲ್ಲ. ಏಕೆ? ನನ್ನ ಊಹೆ ಹೀಗಿದೆ. ವಾರ್ಷಿಕ ಚೀಟಿಯ ಸಂಸಾರ ಬುತ್ತಿಯೊಂದಿಗೆ ಹತ್ತು ಸಲ ಬರುತ್ತದೆ. ಬಂದಾಗಲೆಲ್ಲ ಮಕ್ಕಳಿಗೆ ಐಸ್‌ಕ್ರೀಮು, ಹಿರಿಯರಿಗೆ ಕಾಫಿ, ಸಂಜೆ ಬಿಸಿ ತಿಂಡಿ ಇವುಗಳಿಗೆ ಹಣ ಬಿಚ್ಚುತ್ತದೆ. ಬುತ್ತಿಯನ್ನು ತಡೆದರೆ ಅದೇ ಸಂಸಾರ ಮಧ್ಯಾಹ್ನದ ಊಟ ಮುಗಿಸಿ ತಡವಾಗಿ ಬರುತ್ತದೆ, ಇಲ್ಲವೇ ಬರುವುದನ್ನೇ ಕಡಿಮೆ ಮಾಡುತ್ತದೆ. ಇನ್ನೊಂದು ಪ್ರಯೋಜನವೂ ಇದೆ. ಬುತ್ತಿ ಎಂಬ ಪ್ರತಿಸ್ಪರ್ಧಿ ಆವರಣದೊಳಗೇ ಕುಳಿತಿರುವಾಗ ಭೋಜನಶಾಲೆಯವರು ಬೆಲೆಯನ್ನೂ ರುಚಿಯನ್ನೂ ಹತೋಟಿಯಲ್ಲಿಡಲೇಬೇಕು.

ಇದಕ್ಕೆ ನಮ್ಮ ಮಿತ್ರರು ಕೊಡುವ ಉತ್ತರ ನನಗೆ ಗೊತ್ತಿದೆ. "ಸ್ಯಾಮ್‌ಸಂಗ್‌ನವರು ತಮ್ಮ ಜಾಗದಲ್ಲಿ ಮಾರುತ್ತಾರೆ, ನಾವು ಹರಾಜಿನಲ್ಲಿ ಕೂಗಿ ಹಿಡಿದ ಮಳಿಗೆಗೆ ಮುಂಗಡ ಕಟ್ಟಿ ಕೂತವರು." ಮಾತಿನಲ್ಲಿ ತೂಕವಿದೆ. ಅವರ ಲೆಕ್ಕದ ಪುಸ್ತಕಗಳನ್ನು ನಾನು ನೋಡಿದವನು. ಅಲ್ಲಿ ಹೊರೆಯಾಗಿ ಕಾಣುವುದು ಗಿರಾಕಿಯ ಚಿತ್ರಾನ್ನದ ಡಬ್ಬಿ ಅಲ್ಲ, ಮಳಿಗೆಯ ಬಾಡಿಗೆ. ಕಡಿಮೆ ದಿನಗಳಲ್ಲಿ ಬಾಡಿಗೆಯನ್ನು ಹುಟ್ಟಿಸಬೇಕಾದ ಮಳಿಗೆದಾರ ದೋಸೆಯ ಬೆಲೆ ಏರಿಸುತ್ತಾನೆ. ಬೆಲೆ ಏರಿದ್ದರಿಂದ ಜನ ಡಬ್ಬಿ ತರುತ್ತಾರೆ. ಡಬ್ಬಿ ತಂದದ್ದರಿಂದ ದ್ವಾರದಲ್ಲಿ ತಡೆಯಿರೆಂಬ ಕೋರಿಕೆ ಬರುತ್ತದೆ. ತಡೆದ ಮೇಲೆ, ಗಿರಾಕಿಗೆ ಬೇರೆ ಗತಿಯಿಲ್ಲವೆಂದು ಮುಂದಿನ ವರ್ಷದ ಹರಾಜಿನ ಕೂಗು ಇನ್ನೂ ಏರುತ್ತದೆ. ಆ ಹೆಚ್ಚಳ ಸೇರುವುದು ಮಳಿಗೆದಾರನ ಗಲ್ಲಾಪೆಟ್ಟಿಗೆಗೆ ಅಲ್ಲ, ಜಾಗ ಕೊಟ್ಟವರ ಖಾತೆಗೆ. ಈ ಅಂಶವನ್ನು ಕೋರಿಕೆಗೆ ಸಹಿ ಹಾಕಿದವರು ಯೋಚಿಸಿದಂತೆ ಕಾಣುವುದಿಲ್ಲ.

ಪೂರ್ವಭಾವಿ ಸಭೆಗೆ ನಾನು ಲಿಖಿತವಾಗಿ ಕೊಟ್ಟಿರುವ ಸಲಹೆಗಳು ಹೆಚ್ಚಿನವೇನಲ್ಲ. ಮಳಿಗೆಗಳಿಗೆ ಏಕಗಂಟಿನ ಹರಾಜಿನ ಬದಲು ಕಡಿಮೆ ಮೂಲ ಬಾಡಿಗೆಯನ್ನೂ ಅದರ ಮೇಲೆ ಮಾರಾಟದ ಸಣ್ಣ ಪಾಲನ್ನೂ ನಿಗದಿ ಮಾಡಬೇಕು. ಪ್ರತಿ ಮಳಿಗೆಯ ಮುಂದೆ ತೆರಿಗೆ ಸೇರಿದ ಬೆಲೆಯ ಫಲಕವಿರಬೇಕು. ಬುತ್ತಿ ತಂದವರಿಗೆ ನೆರಳು, ಬೆಂಚು, ಕುಡಿಯುವ ನೀರಿನ ನಲ್ಲಿ, ಕಸದ ಡಬ್ಬಿ ಇರುವ ಒಂದು ಜಾಗವನ್ನು ಬಿಡಬೇಕು. ಆ ಜಾಗ ತಿಂಡಿ ಮಳಿಗೆಗಳ ಸಾಲಿನ ಪಕ್ಕದಲ್ಲಿಯೇ ಇರಬೇಕೆಂಬುದು ನನ್ನ ಒತ್ತಾಯ. ಬಿಸಿ ಬೋಂಡಾದ ವಾಸನೆ ಬರುವಷ್ಟು ದೂರ ಸಾಕು. ಭಿನ್ನ ಅಭಿಪ್ರಾಯವುಳ್ಳ ಸದಸ್ಯರು ಸಭೆಗೆ ಮುನ್ನ ಕಾರ್ಯಾಲಯಕ್ಕೆ ಬರೆದು ತಿಳಿಸಬಹುದು. ಹಿಂದಿನ ಎರಡು ವರ್ಷಗಳ ತಮ್ಮ ಮಳಿಗೆಯ ಬಾಡಿಗೆ ಮತ್ತು ಮಾರಾಟದ ಅಂಕಿಗಳನ್ನೂ ಜೊತೆಗೆ ಕೊಟ್ಟರೆ ಚರ್ಚೆಗೆ ಅನುಕೂಲ.